ಬಾಗಿಲು ತಟ್ಟುವ ಕೆಲಸ

ಆಳಂದ ಸೀಮೆಯ ಅಮರ್ಜಾ ಹೊಳೆ ಗಾಣಗಾಪುರದಲ್ಲಿ ಭೀಮೆಯನ್ನು ಕೂಡುತ್ತದೆ. ನಮ್ಮ ಭಾಗದ ಅಂಗವಿಕಲರೂ ತಲೆತಲಾಂತರದಿಂದ ಹಿಡಿದದ್ದು ಅಂಥ ಕ್ಷೇತ್ರಗಳ ದಾರಿಯನ್ನೇ. ಮನಸ್ಸು ಕದಡಿದವರನ್ನು ಮನೆಯವರು ಗಾಣಗಾಪುರದ ದತ್ತನ ಸನ್ನಿಧಿಗೆ ಕರೆದೊಯ್ಯುತ್ತಿದ್ದರು, ಈಗಲೂ ಕರೆದೊಯ್ಯುತ್ತಾರೆ. ಕಣ್ಣಿಲ್ಲದವರಿಗೆ, ಕಾಲಿಲ್ಲದವರಿಗೆ ಕಲಬುರಗಿ ಶರಣಬಸಪ್ಪನ ದಾಸೋಹವಿತ್ತು, ಬಂದೇನವಾಜರ ದರ್ಗಾ ಇತ್ತು, ಆಳಂದದ ಲಾಡ್ಲೆ ಮಶಾಕರ ಅಂಗಳವಿತ್ತು. ಹಸಿದು ಬಂದವರಿಗೆ ಅನ್ನವಿಟ್ಟ ಆ ಋಣ ದೊಡ್ಡದು. ಆದರೆ ಅಲ್ಲಿಯವರೆಗೆ ಹೋಗಬೇಕಾದವರು ಅವರೇ. ಎದ್ದು ಹೋಗಲಾಗದವರು ಪಡಸಾಲೆಯ ಮೂಲೆಯಲ್ಲೇ ಉಳಿದರು.

ಸರಕಾರಕ್ಕೆ ಇವರ ಸುದ್ದಿ ಗೊತ್ತಿರಲಿಲ್ಲವೆಂದಲ್ಲ. 1881ರಿಂದ 1931ರವರೆಗಿನ ಜನಗಣತಿಗಳು ನಮ್ಮ ಭಾಗವಿದ್ದ ನಿಜಾಮರ ಸಂಸ್ಥಾನದಲ್ಲೂ ನಡೆದವು. ಆ ಕಾಲದ ಮಾತಿನಲ್ಲಿ ಹುಚ್ಚರು, ಕಿವುಡ–ಮೂಗರು, ಕುರುಡರು, ಕುಷ್ಠರೋಗಿಗಳು ಎಂದು ನಾಲ್ಕು ಪಟ್ಟಿ ಮಾಡಿ ಬರೆದುಕೊಂಡರು. ಬರೆದುಕೊಂಡದ್ದಷ್ಟೇ. 1931ರ ನಂತರ ಆ ಲೆಕ್ಕವೂ ನಿಂತಿತು. 1948ರಲ್ಲಿ ನಿಜಾಮರ ಆಳ್ವಿಕೆ ಮುಗಿಯಿತು, 1956ರಲ್ಲಿ ನಾವು ಮೈಸೂರು ರಾಜ್ಯಕ್ಕೆ ಸೇರಿದೆವು. ಅಂಗವಿಕಲರನ್ನು ಮತ್ತೆ ಎಣಿಸಿದ್ದು 1981ರಲ್ಲಿ, ವಿಶ್ವಸಂಸ್ಥೆ ಅಂಗವಿಕಲರ ವರ್ಷವೆಂದು ಸಾರಿದಾಗ. 1991ರಲ್ಲಿ ಪುನಃ ಬಿಟ್ಟರು. ಆಗ ನಾನು ಪೋಲಿಯೊದಿಂದ ಎಡಗಾಲಿನ ಬಲ ಹೋದ, ಭೂಸನೂರಿನ ಸಾಲಿಗೆ ಕೋಲೂರಿ ಹೋಗುತ್ತಿದ್ದ ಹುಡುಗಿ. ಪಲ್ಸ್ ಪೋಲಿಯೊ ಹನಿ ಬಂದದ್ದು 1995ರಲ್ಲಿ.

ಈ ನಡುವೆ ಏನೂ ಆಗಲಿಲ್ಲ ಎನ್ನಲಾರೆ. ಮೈಸೂರಿನಲ್ಲಿ 1901ರಷ್ಟು ಹಿಂದೆಯೇ ಕಿವುಡ, ಕುರುಡ ಮಕ್ಕಳ ಶಾಲೆ ಶುರುವಾಗಿತ್ತು. ಮುಂದೆ ಕಲಬುರಗಿಗೂ ಸರಕಾರಿ ಶಾಲೆಗಳು ಬಂದವು. 1988ರಲ್ಲಿ ಅಂಗವಿಕಲರಿಗೆಂದೇ ಬೇರೆ ಇಲಾಖೆ, 1995ರಲ್ಲಿ ಕೇಂದ್ರದ ಕಾಯ್ದೆ. ಮಾಸಾಶನವೂ ಬಂತು, ನಮ್ಮ ಜನ ಅದಕ್ಕೆ ‘ಪಗಾರ’ ಅನ್ನುತ್ತಾರೆ. ಆದರೆ ಕಬ್ಬು ಕಡಿಯುವ ಕೂಲಿಯವರು ದಿನದ ದುಡಿಮೆ ಬಿಟ್ಟು, ಮಗುವನ್ನು ಹೆಗಲ ಮೇಲೆ ಹೊತ್ತು, ಯಾವ ಕಚೇರಿಯ ಯಾವ ಬಾಗಿಲಿಗೆ ಹೋಗಬೇಕು? ಅದನ್ನು ಹೇಳುವವರು ಊರಲ್ಲಿ ಇರಲಿಲ್ಲ.

ನನ್ನ ಪ್ರಕಾರ ನಿಜವಾದ ತಿರುವು 2007–08. ಪ್ರತಿ ಗ್ರಾಮ ಪಂಚಾಯಿತಿಗೆ ಒಬ್ಬ ಗ್ರಾಮೀಣ ಪುನರ್ವಸತಿ ಕಾರ್ಯಕರ್ತ, ತಾಲ್ಲೂಕಿಗೊಬ್ಬ ವಿವಿಧೋದ್ದೇಶ ಕಾರ್ಯಕರ್ತ ಎಂದು ರಾಜ್ಯ ಸರಕಾರ ನೇಮಿಸಿತು. ರಾಜ್ಯದಲ್ಲಿ ಆಗ 5,628 ಪಂಚಾಯಿತಿಗಳಿದ್ದವು. ಎಸ್ಸೆಸ್ಸೆಲ್ಸಿ ಪಾಸಾಗಿರಬೇಕು, ಅದಕ್ಕಿಂತ ಮುಖ್ಯವಾಗಿ, ಸ್ವತಃ ಅಂಗವಿಕಲರಾಗಿರಬೇಕು. ಈ ಎರಡನೆಯ ಷರತ್ತು ಬರೆದ ಅಧಿಕಾರಿ ಯಾರೋ, ಅವರಿಗೆ ಕೈ ಮುಗಿಯುತ್ತೇನೆ. ಹೀಗೆ ನಾನು ನಮ್ಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತೆ, ಅಂದರೆ ವಿಆರ್‌ಡಬ್ಲ್ಯೂ ಆದೆ.

ಮೊದಲ ಸರ್ವೆಯಲ್ಲಿ ಒಂದು ಮನೆಯ ತಾಯಿ ಬಾಗಿಲಿಗೆ ಅಡ್ಡ ನಿಂತಳು. “ನಮ್ಮ ಮನ್ಯಾಗ ಅಂಥಾವ್ರು ಯಾರೂ ಇಲ್ರಿ.” ನನಗೆ ನಿಲ್ಲಲು ಆಗುತ್ತಿರಲಿಲ್ಲ. ಕೋಲು ಗೋಡೆಗೆ ಆನಿಸಿ ಕಟ್ಟೆಯ ಮೇಲೆ ಕೂತು, ಸೀರೆಯ ಅಂಚು ಸರಿಸಿ ಕ್ಯಾಲಿಪರಿನ ಚರ್ಮದ ಪಟ್ಟಿ ಸಡಿಲಿಸಿದೆ. ಪಟ್ಟಿ ಒತ್ತಿದ ಜಾಗ ಕೆಂಪಗೆ ಬರೆ ಎದ್ದಿತ್ತು. ಅವಳು ಅದನ್ನೇ ನೋಡುತ್ತ ಕೇಳಿದಳು:

“ಇದನ್ನ ಹಾಕ್ಕೊಂಡೇ ಸಾಲಿ ಕಲ್ತಿ ಏನವ್ವಾ?”

“ಹೂಂ ಯವ್ವಾ. ಹತ್ತನೇತ್ತ ಪಾಸ್ ಆಗೀನಿ.”

“ಬಾ, ಒಳಗ ಬಾ.”

ತೊಗರಿ ಚೀಲಗಳ ಹಿಂದೆ, ಕೌದಿಯ ಮೇಲೆ ಅವಳ ಮಗ ಮಲಗಿದ್ದ. ಮಾತು ಬಾರದು, ಕುತ್ತಿಗೆ ನಿಲ್ಲದು. ಯಾವ ಪಟ್ಟಿಯಲ್ಲೂ ಅವನ ಹೆಸರಿರಲಿಲ್ಲ. ಬೂಟು ಹಾಕಿದ ಸಾಹೇಬರು ಯಾರಾದರೂ ಬಂದಿದ್ದರೆ ಆ ಬಾಗಿಲು ತೆರೆಯುತ್ತಿರಲಿಲ್ಲ ಎಂದು ನಾನು ಗಟ್ಟಿಯಾಗಿ ನಂಬುತ್ತೇನೆ.

ಬಾಗಿಲು ತೆರೆದ ಮೇಲಿನದು ಕಾಗದದ ಕೆಲಸ. ರೇಶನ್ ಕಾರ್ಡ್, ಆಧಾರ್, ಫೋಟೊ, ಆಮೇಲೆ ಆಸ್ಪತ್ರೆಯ ಪ್ರಮಾಣಪತ್ರ. ಶೇ 40ಕ್ಕಿಂತ ಕಡಿಮೆ ಬರೆದರೆ ಪಗಾರವಿಲ್ಲ. 600 ರೂಪಾಯಿ ಇದ್ದದ್ದು 2021ರಲ್ಲಿ 800 ಆಯಿತು, ಶೇ 75 ದಾಟಿದವರಿಗೆ ಆಗ 1,400 ಇತ್ತು. ವರ್ಷಕ್ಕೆ 660 ರೂಪಾಯಿ ಕಟ್ಟಿದರೆ ನೂರು ಕಿಲೋಮೀಟರ್ ಓಡಾಡುವ ಬಸ್ ಪಾಸ್. ಉದ್ಯೋಗ ಖಾತ್ರಿ ಕೆಲಸದಲ್ಲಿ ಅರ್ಧ ಕೆಲಸಕ್ಕೆ ಪೂರ್ತಿ ಕೂಲಿ. ಪಂಚಾಯಿತಿಯ ಹಣದಲ್ಲಿ ಶೇ 5 ನಮ್ಮವರ ಪಾಲು. ಅದನ್ನು ಸಭೆಯಲ್ಲಿ ಎದ್ದು ಕೇಳದಿದ್ದರೆ ಚರಂಡಿ, ಬೀದಿದೀಪದ ಲೆಕ್ಕದಲ್ಲಿ ಮರೆತೇ ಹೋಗುತ್ತದೆ. 2016ರ ಕಾಯ್ದೆ ಅಂಗವೈಕಲ್ಯಗಳನ್ನು ಏಳರಿಂದ 21ಕ್ಕೆ ಏರಿಸಿತು. ಆಸಿಡ್ ದಾಳಿಗೆ ಸಿಕ್ಕವರು, ತಲಸ್ಸೇಮಿಯಾ ಮಕ್ಕಳು, ಕುಳ್ಳಗಿರುವವರು ಎಲ್ಲರೂ ಈಗ ನಮ್ಮ ರಿಜಿಸ್ಟರಿಗೆ ಬರುತ್ತಾರೆ.

ಇಷ್ಟೆಲ್ಲ ಮಾಡುವವರಿಗೆ ಸಿಗುವುದು ಗೌರವಧನ. ಸಂಬಳವಲ್ಲ, ನೌಕರಿಯ ಭದ್ರತೆಯಿಲ್ಲ. ಅಂಗವಿಕಲರಿಗೆ ಸ್ವಂತ ಕಾಲ ಮೇಲೆ ನಿಲ್ಲಿರಿ ಎನ್ನುವ ಯೋಜನೆಯೇ ತನ್ನ ಅಂಗವಿಕಲ ಕಾರ್ಯಕರ್ತರನ್ನು ಹೀಗೆ ಇಟ್ಟುಕೊಂಡಿರುವುದು ಅನ್ಯಾಯ. ಇದನ್ನು ಹೇಳಲು ನನಗೆ ಸಂಕೋಚವಿಲ್ಲ.

2011ರ ಗಣತಿಯಲ್ಲಿ ಕರ್ನಾಟಕದ ಅಂಗವಿಕಲರು 13.24 ಲಕ್ಷ, ನೂರಕ್ಕೆ ಎರಡರಷ್ಟು. ತೊಗರಿ ಚೀಲದ ಹಿಂದೆ ಮಲಗಿದವರನ್ನು ಕಂಡ ನಮಗೆ ಆ ಸಂಖ್ಯೆ ಕಡಿಮೆಯೆನಿಸುತ್ತದೆ. 2027ರ ಗಣತಿಗೆ ಮೇಷ್ಟ್ರುಗಳು ಮನೆಮನೆಗೆ ಬರುವಾಗ, ಆಯಾ ಪಂಚಾಯಿತಿಯ ವಿಆರ್‌ಡಬ್ಲ್ಯೂಗಳನ್ನೂ ಜೊತೆಗೆ ಕಳಿಸಿರಿ ಎಂದು ತಾಲ್ಲೂಕು ಕಚೇರಿಗೆ ಅರ್ಜಿ ಕೊಡಬೇಕೆಂದಿದ್ದೇವೆ.