ಹಿರಿಯರ ಪಾದನೋವು: ‘ವಯಸ್ಸಾತು’ ಅಂತ ಬಿಡಬ್ಯಾಡ್ರಿ, ಕಸುವು ಕುಂದೋದು ಇಲ್ಲಿಂದ್ಲೇ ಶುರುವಾಗಬಹುದು

ಧಾರವಾಡ: ‘ವಯಸ್ಸಾತು, ಕಾಲು ನೋಯೋದು ಇದ್ದದ್ದ’ ಅನ್ನೋದು ನವಲಗುಂದ, ಅಣ್ಣಿಗೇರಿ, ಕುಂದಗೋಳ, ಕಲಘಟಗಿ ಕಡೆ ದಿನಾ ಕೇಳುವ ಮಾತು. ಆದರೆ ಹಿರಿಯರ ಪಾದನೋವಿಗೂ ಮೈಯ ಕಸುವು ಕುಂದುವುದಕ್ಕೂ ನಂಟು ಇದೆ ಎನ್ನುತ್ತವೆ ವೈದ್ಯಕೀಯ ಅಧ್ಯಯನಗಳು.

ನಂಟು ಹೇಗೆ?
ಹಿಂಬಡ ನೋವು ಬಂದವರು ಮೊದಲು ಹೊಲ ಬಿಡ್ತಾರೆ, ಆಮೇಲೆ ಸಂತೆ, ಕಡೆಗೆ ಗುಡಿ ಕಟ್ಟೆಗೆ ಬರೋದೂ ನಿಲ್ಲುತ್ತದೆ. ನಡಿಗೆ ಕಡಿಮೆಯಾದರೆ ತೊಡೆ, ಮೀನಖಂಡದ ಸ್ನಾಯು ಸೊರಗುತ್ತವೆ. ಹಸಿವು ಕಡಿಮೆ, ಊಟ ಕಡಿಮೆ, ಮತ್ತಷ್ಟು ನಿಶ್ಶಕ್ತಿ. ನೋಯುವ ಕಾಲು ಕುಂಟುತ್ತ ನಡೆದರೆ ಜೋಲಿ ತಪ್ಪುತ್ತದೆ. ಬಿದ್ದು ಚಪ್ಪೆ ಎಲುಬು ಮುರಿದರೆ ಹಾಸಿಗೆ ಹಿಡಿಯುವ ಭಯ. ಪಾದನೋವು ಇದ್ದವರೆಲ್ಲ ಹೀಗೇ ಆಗ್ತಾರೆ ಅಂತಲ್ಲ. ಆದರೆ ಎಚ್ಚರ ಬೇಕು.

ಲಕ್ಷಣ ಏನು?
ಅಮೆರಿಕದ ವೈದ್ಯೆ ಲಿಂಡಾ ಫ್ರೈಡ್ ಮತ್ತು ಸಂಗಡಿಗರು 2001ರಲ್ಲಿ 5 ಲಕ್ಷಣ ಗುರುತಿಸಿದರು:
* ತಾನಾಗೇ ತೂಕ ಇಳಿಯುವುದು
* ಸದಾ ಸುಸ್ತು
* ಕೈ ಹಿಡಿತ ಸಡಿಲಾಗುವುದು
* ನಡಿಗೆ ನಿಧಾನವಾಗುವುದು
* ಓಡಾಟ ಕಡಿಮೆಯಾಗುವುದು
3 ಅಥವಾ ಹೆಚ್ಚು ಇದ್ದರೆ ಅದನ್ನು ಡಾಕ್ಟರು ‘ಫ್ರೇಲ್ಟಿ’ ಎನ್ನುತ್ತಾರೆ. ಮನೆಯಲ್ಲೇ ನೋಡಬೇಕಂದರೆ, 4 ಮೀಟರ್ ಅಳೆದು ಎಂದಿನಂತೆ ನಡೆಯಲು ಹೇಳಿ. 5 ಸೆಕೆಂಡಿಗಿಂತ ಹೆಚ್ಚು ಹಿಡಿದರೆ ಡಾಕ್ಟರಿಗೆ ತೋರಿಸಿ.

ಸಕ್ಕರೆ ಕಾಯಿಲೆ ಇದ್ದವರು
ಇವರಿಗೆ ನೋವಿಗಿಂತ ಜೋಮು ಅಪಾಯ. ಎರೆ ಹೊಲದಲ್ಲಿ ಬರಿಗಾಲಲ್ಲಿ ಹೋದಾಗ ಜಾಲಿ ಮುಳ್ಳು ಚುಚ್ಚಿದ್ದೂ ಗೊತ್ತಾಗೋದಿಲ್ಲ. ದಿನಾ ರಾತ್ರಿ ಅಂಗಾಲು, ಬೆರಳ ಸಂದು ನೋಡಬೇಕು. ಕಣ್ಣು ಮಂದ ಇದ್ದರೆ ಮನೆಯವರು ನೋಡಲಿ.

ಏನು ಮಾಡಬೇಕು?
* ಸವೆದ ಹವಾಯಿ ಚಪ್ಪಲಿ ಬಿಡಿ. ಹಿಂದೆ ಪಟ್ಟಿ ಇರುವ, ಹಿಂಬಡಕ್ಕೆ ಮೆತ್ತಗಿರುವ, ಜಾರದ ಚಪ್ಪಲಿ ತಗೊಳ್ಳಿ. ಸಂಜೆ ಹೊತ್ತು ಪಾದ ಸ್ವಲ್ಪ ಊದಿರುತ್ತದೆ, ಆಗಲೇ ಅಳತೆ ನೋಡಿ. ಅಂಗಡಿಯವರೂ ಹಿರಿಯರನ್ನು ಕೂಡಿಸಿ, ಎರಡೂ ಕಾಲಿಗೆ ಹಾಕಿಸಿ ನೋಡಲಿ.
* ಚೀಟಿ ಇಲ್ಲದೆ ದಿನಾ ನೋವಿನ ಗುಳಿಗೆ ನುಂಗಬೇಡಿ. ಹೊಟ್ಟೆ, ಕಿಡ್ನಿಗೆ ಪೆಟ್ಟು.
* ಗಟ್ಟಿ ಕುರ್ಚಿಯಿಂದ ಎದ್ದು ಕೂಡುವುದನ್ನು ದಿನಾ ಕೆಲವು ಸಲ ಮಾಡಿಸಿ. ಪಕ್ಕದಲ್ಲಿ ಯಾರಾದರೂ ಇರಲಿ.
* ಹೆಸರು, ಕಡಲೆ ನಮ್ಮ ಹೊಲದಾಗ ಬೆಳೀತಾವು. ಕಾಳುಪಲ್ಯ, ಮೊಸರು, ತಿನ್ನುವವರಿಗೆ ತತ್ತಿ ಊಟದಲ್ಲಿ ಇರಲಿ.

ಗಾಯ, ಕೀವು, ಬೆರಳು ಕಪ್ಪಾಗುವುದು, ಬಿಸಿ ಬಾವು ಕಂಡರೆ ಅದೇ ದಿನ ತಾಲ್ಲೂಕು ಆಸ್ಪತ್ರೆಗೆ ಹೋಗಿ. ಸಕ್ಕರೆ, ಬಿಪಿ ತಪಾಸಣೆ ಸರ್ಕಾರಿ ಆಸ್ಪತ್ರೆಯಲ್ಲಿ ಆಗುತ್ತದೆ. ಹಿರಿಯರ ಸಹಾಯವಾಣಿ: 14567.