ಕಾಲುಬಾಯಿ ರೋಗ: ವೈರಾಣುವಿನ ಚರಿತ್ರೆ ಮತ್ತು ಜನಪದರ ತಿಳಿವಳಿಕೆ

ಕಾಲುಬಾಯಿ ರೋಗವು ಪಶುಪಾಲಕ ಸಮುದಾಯಗಳನ್ನು ಬಹುಕಾಲದಿಂದ ಕಾಡುತ್ತ ಬಂದ ವ್ಯಾಧಿ. 1514ರಲ್ಲಿ ಇಟಲಿಯ ವೆರೋನಾ ಪರಿಸರದ ದನಗಳಿಗೆ ಬಂದ ರೋಗವನ್ನು ವೈದ್ಯ ಫ್ರಾಕಸ್ಟೋರೊ 1546ರ ತನ್ನ ಗ್ರಂಥದಲ್ಲಿ ವರ್ಣಿಸಿದ್ದಾನೆ. ದನ ಮೇವು ಬಿಡುವುದು, ಬಾಯಲ್ಲಿ ಗುಳ್ಳೆ ಏಳುವುದು, ಬಾಧೆ ಕಾಲಿಗೆ ಇಳಿಯುವುದು ಎಂಬ ಆ ವಿವರಗಳು ಕಾಲುಬಾಯಿ ರೋಗಕ್ಕೆ ಹೊಂದುತ್ತವೆ.

ಕಾರಣ ತಿಳಿದದ್ದು 1898ರಲ್ಲಿ. ಜರ್ಮನಿಯ ಲೋಫ್ಲರ್ ಮತ್ತು ಫ್ರಾಶ್ ಅವರು ಗುಳ್ಳೆಯ ನೀರನ್ನು ಬ್ಯಾಕ್ಟೀರಿಯಾಗಳನ್ನು ತಡೆಯುವ ಸೋಸುಕದಿಂದ ಸೋಸಿ ಕರುಗಳಿಗೆ ಚುಚ್ಚಿದರು. ಕರುಗಳು ರೋಗಕ್ಕೆ ತುತ್ತಾದವು. ಅವುಗಳಿಂದ ಬೇರೆ ಕರುಗಳಿಗೂ ರೋಗವನ್ನು ದಾಟಿಸಲು ಸಾಧ್ಯವಾಯಿತು. ಬರಿಯ ವಿಷವಾಗಿದ್ದರೆ ದಾಟುತ್ತ ದಾಟುತ್ತ ತೆಳುವಾಗಬೇಕಿತ್ತು. ಆದುದರಿಂದ ಇದು ವೃದ್ಧಿಯಾಗುವ ವಸ್ತುವೆಂದು ಅವರು ತರ್ಕಿಸಿದರು. ಪ್ರಾಣಿರೋಗಕ್ಕೆ ವೈರಾಣು ಕಾರಣವೆಂದು ತೋರಿದ ಮೊದಲ ನಿದರ್ಶನವಿದು.

ಈ ವೈರಾಣು ಪೋಲಿಯೋ ವೈರಾಣುವಿನ ಬಳಗಕ್ಕೆ ಸೇರಿದುದು. 'ಪಿಕೋ', ಅಂದರೆ ಅತಿ ಚಿಕ್ಕದು, ಮತ್ತು ಆರ್‌ಎನ್‌ಎ ಎಂಬ ಪದಗಳಿಂದ ಬಳಗಕ್ಕೆ ಪಿಕೋರ್ನಾ ಎಂಬ ಹೆಸರು 1963ರಲ್ಲಿ ಬಂದಿತು. ಕಣದ ಗಾತ್ರ ಸುಮಾರು 30 ನ್ಯಾನೋಮೀಟರ್. ಅದರ ಆರ್‌ಎನ್‌ಎ ಜೀವಕೋಶವನ್ನು ಹೊಕ್ಕೊಡನೆ ನೇರವಾಗಿ ಆಜ್ಞೆಯಂತೆ ಓದಲ್ಪಟ್ಟು ಒಂದೇ ಉದ್ದನೆಯ ಪ್ರೋಟೀನ್ ಸರಪಣಿ ಹುಟ್ಟುತ್ತದೆ. ವೈರಾಣುವಿನ ಕಿಣ್ವಗಳೇ ಅದನ್ನು ತುಂಡರಿಸುತ್ತವೆ. ಒಂದು ಕಿಣ್ವ ಜೀವಕೋಶದ ಸ್ವಂತ ಪ್ರೋಟೀನ್ ತಯಾರಿಕೆಗೆ ಬೇಕಾದ ಘಟಕವನ್ನು ಕತ್ತರಿಸಿ ಹಾಕುತ್ತದೆ. ವೈರಾಣುವಿನ ತಯಾರಿಕೆ ಮಾತ್ರ ಬೇರೆ ದಾರಿಯಿಂದ ಮುಂದುವರಿಯುತ್ತದೆ. ಪೂರಕ ಆರ್‌ಎನ್‌ಎ ಎಳೆ ಸಿದ್ಧವಾಗಿ, ಅದರಿಂದ ಹೊಸ ಪ್ರತಿಗಳು ಮೂಡುತ್ತವೆ. ಕೊನೆಗೆ ಜೀವಕೋಶ ನಾಶವಾಗಿ ಗುಳ್ಳೆಗಳೇಳುತ್ತವೆ. ಎಳೆಗರುಗಳಲ್ಲಿ ಹೃದಯದ ಸ್ನಾಯುವೇ ಹಾಳಾಗಿ ಗುಳ್ಳೆ ಕಾಣುವ ಮೊದಲೇ ಸಾವು ಬರಬಹುದು. ಪ್ರತಿ ತೆಗೆಯುವಾಗಿನ ತಪ್ಪುಗಳು ತಿದ್ದಲ್ಪಡದೆ ಉಳಿಯುವುದರಿಂದ ವೈರಾಣು ಬದಲಾಗುತ್ತಲೇ ಇರುತ್ತದೆ. ಗುರುತಿಸಲಾದ ಪ್ರಭೇದಗಳು 7; ಒಂದರ ವಿರುದ್ಧದ ರೋಗನಿರೋಧ ಮತ್ತೊಂದಕ್ಕೆ ಒದಗುವುದಿಲ್ಲ.

ರೋಗವು ಹೊರಗಿನಿಂದ ಬಂದು ಊರಿಂದೂರಿಗೆ ಸಾಗುತ್ತದೆಂಬ ತಿಳಿವಳಿಕೆ ಕರ್ನಾಟಕದ ಜನಪದರಲ್ಲಿ ಮೊದಲಿನಿಂದಲೂ ಇದೆ. ಮಾರಿಯನ್ನು ಗಡಿ ದಾಟಿಸುವ ಆಚರಣೆಯಲ್ಲಿಯೂ, ತುಳುನಾಡಿನಲ್ಲಿ ಮನೆಮನೆಗೆ ಬಂದು ಮಾರಿ ಕಳೆಯುವ ಆಟಿ ಕಳಂಜನಲ್ಲಿಯೂ ಇದನ್ನು ಕಾಣಬಹುದು. ಸೋಂಕಿನ ಚಲನೆಯನ್ನು ಈ ಆಚರಣೆಗಳು ಸರಿಯಾಗಿಯೇ ಗ್ರಹಿಸಿವೆ. ಆದರೆ ರೋಗಲಕ್ಷಣ ತೋರುವ ಮೊದಲೇ ಹಾಲಿನಲ್ಲಿ ವೈರಾಣು ಇರಬಲ್ಲುದಾದ್ದರಿಂದ, ಕಣ್ಣಿಗೆ ಕಾಣುವ ಗಡಿಯೊಂದೇ ಸಾಲದು. 2013ರಲ್ಲಿ ಕರ್ನಾಟಕದಲ್ಲಿ ಸಾವಿರಾರು ರಾಸುಗಳು ಈ ರೋಗಕ್ಕೆ ಬಲಿಯಾದವು. ಆರು ತಿಂಗಳಿಗೊಮ್ಮೆ ಲಸಿಕೆ ಹಾಕುವ ರಾಷ್ಟ್ರೀಯ ಕಾರ್ಯಕ್ರಮ 2019ರಲ್ಲಿ ಆರಂಭವಾಯಿತು. ಒಂದು ಹಸುವನ್ನೇ ನಂಬಿದ ಮನೆಗೆ ಲಸಿಕೆಯ ದಿನವೂ ಮಾರಿ ಕಳೆಯುವ ದಿನದಷ್ಟೇ ಮುಖ್ಯವಾಗಬೇಕಾಗಿದೆ.