ಊರಿನ ಬೀದಿಯ ಮೇಲಣ ಹಕ್ಕು

ಹರಿಹರದಲ್ಲಿ ತುಂಗಭದ್ರೆಯನ್ನು ದಾಟಿ ವಾಯವ್ಯಾಭಿಮುಖವಾಗಿ ಹೊರಟವರಿಗೆ ರಾಣೆಬೆನ್ನೂರು, ಬ್ಯಾಡಗಿ, ಹಾವೇರಿ ಎಂಬ ಮೂರು ಪೇಟೆಯ ಊರುಗಳು ರೈಲುದಾರಿಯಲ್ಲಿ ಒಂದಾದ ಮೇಲೊಂದು ಸಿಕ್ಕುತ್ತವೆ. ಇವುಗಳ ಹತ್ತಿಯನ್ನೂ ಮೆಣಸಿನಕಾಯಿಯನ್ನೂ ಏಲಕ್ಕಿಯನ್ನೂ ನಾವೆಲ್ಲರೂ ಬಲ್ಲೆವು. ಇವುಗಳ ಬೀದಿಗಳನ್ನು ಕುರಿತು ಮಾತನಾಡುವವರು ಕಡಮೆ. ಬೀದಿಯಲ್ಲಿ ಕಂಬ ನೆಡುವುದಕ್ಕೆ, ನೆಲವನ್ನು ಅಗೆದು ಕೊಳವೆ ಹೂಳುವುದಕ್ಕೆ, ಊರಿಗೆ ದೀಪವನ್ನೂ ನೀರನ್ನೂ ಮಾರುವುದಕ್ಕೆ ಅಪ್ಪಣೆ ಕೊಡತಕ್ಕವರು ಯಾರು? ಕೆಲಸ ಕೆಟ್ಟರೆ ಉತ್ತರ ಹೇಳತಕ್ಕವರು ಯಾರು? ಈ ಹೊತ್ತು ನಾವು ವಿಚಾರಿಸಬೇಕೆಂದಿರುವುದು ಇಷ್ಟೆ.

1956ನೆಯ ನವೆಂಬರ್ 1ರವರೆಗೆ ಹೊಳೆಯ ಈಚೆಯ ದಡ ಮೈಸೂರು. ಆಚೆಯದು ಮುಂಬಯಿ ಆಡಳಿತಕ್ಕೆ ಸೇರಿದ ಧಾರವಾಡ ಜಿಲ್ಲೆ. ಎರಡು ದಡಗಳಲ್ಲಿ ಮಾತು ಒಂದೇ ಆದರೂ ದೀಪದ ಕಾನೂನು ಬೇರೆಯಾಗಿದ್ದಿತು. ಮೈಸೂರಿನಲ್ಲಿ ಸರಕಾರವೇ ಶಿವನಸಮುದ್ರದಲ್ಲಿ ವಿದ್ಯುತ್ತನ್ನು ಉತ್ಪಾದಿಸಿ 1902ರಲ್ಲಿ ಕೋಲಾರದ ಚಿನ್ನದ ಗಣಿಗಳಿಗೂ 1905ರಲ್ಲಿ ಬೆಂಗಳೂರಿನ ಬೀದಿಗಳಿಗೂ ಒದಗಿಸಿತು. ಅಪ್ಪಣೆ ಕೊಡುವವನೂ ಸರಕಾರ, ಪಡೆಯುವವನೂ ಸರಕಾರ. ಆದುದರಿಂದ ನಾವು ಎತ್ತಿರುವ ಪ್ರಶ್ನೆ ಅಲ್ಲಿ ತೀವ್ರವಾಗಿ ತಲೆದೋರಲಿಲ್ಲ. ಆಚೆಯ ದಡದಲ್ಲಿ ಲೈಸೆನ್ಸು ಪಡೆದ ಕಂಪನಿಯು ಬಂಡವಾಳ ಹೂಡಿ ಲಾಭವನ್ನು ಅರಸಿ ಬರತಕ್ಕ ಪದ್ಧತಿ.

ಇದಕ್ಕೆ ಮುಂಚೆಯೇ ಊರಿಗೆ ಬೀದಿ ತನ್ನದೆಂಬ ಅರಿವು ಬಂದಿದ್ದಿತು. 1850ರ 26ನೆಯ ಕಾನೂನಿನ ಮೇರೆಗೆ, ನಿವಾಸಿಗಳು ಬೇಡಿದರೆ ಅವರ ಊರಿನಲ್ಲಿ ಪುರಸಭೆಯನ್ನು ಏರ್ಪಡಿಸಬಹುದಾಗಿದ್ದಿತು. 1873, 1884, 1901ರ ಮುಂಬಯಿ ಕಾನೂನುಗಳು ಆ ಸಂಸ್ಥೆಯನ್ನು ಬೆಳಸಿದವು. ಸಾರ್ವಜನಿಕ ಬೀದಿಗಳು ಪುರಸಭೆಯ ಸ್ವತ್ತಾದವು. ಆದರೆ ಬೀದಿಯನ್ನು ಬಳಸಿಕೊಂಡು ವ್ಯಾಪಾರ ಮಾಡುವವನಿಗೆ ಅಪ್ಪಣೆ ಕೊಡುವ ಅಧಿಕಾರವು ಅದರ ಜೊತೆಯಲ್ಲಿ ಬರಲಿಲ್ಲ. ನೆಲ ಊರಿನದು, ಲೈಸೆನ್ಸು ಪ್ರಾಂತದ್ದು. ಈ ಬಿರುಕು ಇಂದಿಗೂ ಕೂಡಿಲ್ಲ.

ತಂತಿಯ ವಿಷಯವನ್ನು ನೋಡಿ. 1885ರ ಟೆಲಿಗ್ರಾಫ್ ಕಾನೂನು ಯಾರ ನೆಲದ ಮೇಲಾದರೂ ಕಂಬ ನೆಡಲು ಇಲಾಖೆಗೆ ಅಧಿಕಾರ ಕೊಟ್ಟಿತು. ಆದರೆ ಸ್ಥಳೀಯ ಸಂಸ್ಥೆಯ ನೆಲವಾದರೆ ಅದರ ಅನುಮತಿ ಬೇಕೆಂದೂ, ಇಲಾಖೆಗೆ ದೊರೆಯುವುದು ಉಪಯೋಗದ ಹಕ್ಕು ಮಾತ್ರವೆಂದೂ, ಆದಷ್ಟು ಕಡಮೆ ಹಾನಿಮಾಡಿ ಆದ ಹಾನಿಗೆ ಪೂರ್ತಿ ಪರಿಹಾರ ಕೊಡಬೇಕೆಂದೂ ವಿಧಿಸಿತು. ಕಂಬ ನಿಂತ ನೆಲ ಕಂಬದವನದಾಗುವುದಿಲ್ಲ. ಇದು ಒಳ್ಳೆಯ ಮಾತು. ಆದರೂ ಜನರ ಕಣ್ಣಿಗೆ ತಂತಿಯು ಊರಿನದಾಗಿ ಕಾಣದೆ ಸರಕಾರದ್ದಾಗಿಯೇ ಕಂಡಿತು. 1942ರ ಚಳವಳಿಯಲ್ಲಿ ಕರ್ನಾಟಕದ ಎಷ್ಟೋ ಕಡೆ ಮೊದಲು ಕಡಿದು ಬಿದ್ದುದು ತಂತಿಯೇ ಅಲ್ಲವೆ?

ವಿದ್ಯುತ್ತಿಗೆ ಸಂಬಂಧಪಟ್ಟ ಮುಖ್ಯ ಶಾಸನವೆಂದರೆ 1910ರದು. ಅದನ್ನು ಓದಿದವರಿಗೆ, ರಚಿಸಿದವರು ಬೀದಿಯಲ್ಲಿ ನಡೆದಾಡಿ ಕಾಲೆಡವಿದವರೇ ಇರಬೇಕೆಂದು ತೋರುತ್ತದೆ. ಕಂಪನಿಗೆ ಲೈಸೆನ್ಸನ್ನು ಪ್ರಾಂತ ಸರಕಾರವು ಕೊಡತಕ್ಕದ್ದು. ಕೆಲಸವನ್ನು ನಿರ್ವಹಿಸುವ ಶಕ್ತಿ ತನಗುಂಟೆಂದು ಕಂಪನಿ ತೋರಿಸಬೇಕು, ಜಾಮೀನಾಗಿ ಹಣ ಇಡಬೇಕು. ಗೊತ್ತಾದ ಬೀದಿಗಳಲ್ಲಿ ಗೊತ್ತಾದ ಅವಧಿಯೊಳಗೆ ತಂತಿಯನ್ನು ಎಳೆಯಲೇಬೇಕು. ಹಾವೇರಿಯ ಒಂದು ಬೀದಿಯಲ್ಲಿ ತಂತಿ ಇಲ್ಲವೆಂದು ಇಟ್ಟುಕೊಳ್ಳೋಣ. ಆ ಬೀದಿಯ ಆರು ಮಂದಿ ಮನೆಯವರೋ ಅಂಗಡಿಯವರೋ ಕೂಡಿ, ನಿಯಮದಂತೆ ಬರೆದು ಕೇಳಿದರೆ ಕಂಪನಿಯು ಸುಮ್ಮನಿರುವಂತಿಲ್ಲ. ದೊಡ್ಡ ಗಿರಾಕಿಯೊಬ್ಬನ ಗಿರಣಿಗೆ ದೀಪ ಕೊಟ್ಟು ಬಡವರ ಓಣಿಯನ್ನು ಕತ್ತಲಲ್ಲಿ ಬಿಡುವುದಕ್ಕೆ ಇದು ಒಂದು ತಡೆ.

ಅಗೆಯುವ ವಿಷಯದಲ್ಲಂತೂ ಕಾನೂನಿಗೆ ಬಹಳ ಎಚ್ಚರ. ಹೊಸ ಕೆಲಸಕ್ಕೆ ಮುಂಚಿತವಾಗಿ ನಕ್ಷೆಸಹಿತ ನೋಟೀಸು ಕೊಡಬೇಕು. ಅಗೆದ ಹಳ್ಳಕ್ಕೆ ಬೇಲಿ ಹಾಕಿ ಕಾವಲಿಡಬೇಕು, ರಾತ್ರಿ ದೀಪ ಇಡಬೇಕು. ತಡಮಾಡದೆ ಮುಚ್ಚಿ ನೆಲವನ್ನು ಮೊದಲಿನಂತೆ ಮಾಡಬೇಕು. ಮುಚ್ಚಿದ ಮೇಲೆಯೂ ಮೂರು ತಿಂಗಳಾದರೂ ಅದನ್ನು ಸುಸ್ಥಿತಿಯಲ್ಲಿ ಇಟ್ಟಿರಬೇಕು. ಮಾಡದಿದ್ದರೆ ಬೀದಿಯ ಅಧಿಕಾರಿಗಳೇ ಮಾಡಿಸಿ ವೆಚ್ಚವನ್ನು ಕಂಪನಿಯಿಂದ ವಸೂಲು ಮಾಡಬಹುದು. ಧಾರವಾಡ ಸೀಮೆಯ ಎರೆಮಣ್ಣನ್ನು ಕಂಡವರಿಗೆ ಈ ಮೂರು ತಿಂಗಳ ಮಾತಿನ ಬೆಲೆ ತಿಳಿಯುತ್ತದೆ. ಬೇಸಗೆಯಲ್ಲಿ ಮುಚ್ಚಿದ ಕಾಲುವೆ ಮೊದಲ ಮಳೆಗೇ ಕುಸಿದು, ಚಕ್ಕಡಿಯ ಗಾಲಿ ಅಲ್ಲಿಯೇ ಹೂತುಕೊಳ್ಳುತ್ತದೆ.

ಇನ್ನು ಊರಿಗೆ ಕೊಟ್ಟ ದೊಡ್ಡ ಆಸೆಯೆಂದರೆ ಕೊಳ್ಳುವ ಹಕ್ಕು. ಇದರ ಮೂಲ ಇಂಗ್ಲೆಂಡಿನದು. ಅಲ್ಲಿನ 1882ರ ಕಾನೂನು, 21 ವರ್ಷಗಳಾದ ಮೇಲೆ ಪುರಸಭೆಯು ಕಂಪನಿಯನ್ನು ಕೊಂಡುಕೊಳ್ಳಬಹುದೆಂದು ಹೇಳಿತು. ಅಷ್ಟು ಅಲ್ಪಕಾಲಕ್ಕೆ ಹಣ ಹೂಡಲು ಧನಿಕರು ಹಿಂಜರಿಯಲಾಗಿ, 1888ರಲ್ಲಿ ಅದನ್ನು 42 ವರ್ಷಗಳಿಗೆ ಏರಿಸಿದರು. ನಮ್ಮ 1910ರ ಕಾನೂನು ಇನ್ನೂ ಉದಾರವಾಗಿ ಮೊದಲ ಅವಧಿಯನ್ನು 50 ವರ್ಷಗಳವರೆಗೂ ಅನಂತರದ ಒಂದೊಂದು ಅವಧಿಯನ್ನು 20 ವರ್ಷಗಳವರೆಗೂ ಚಾಚಲು ಎಡೆಕೊಟ್ಟಿತು. ಕೊಳ್ಳುವಾಗ ನ್ಯಾಯವಾದ ಪೇಟೆಬೆಲೆಯ ಮೇಲೆ ನೂರಕ್ಕೆ ಇಪ್ಪತ್ತರವರೆಗೆ ಹೆಚ್ಚು ಕೊಡಬಹುದೆಂದಿತು. ಐವತ್ತು ವರ್ಷ ಕಾದು ಕೊಳ್ಳುವಷ್ಟು ಹಣವನ್ನು ಸಣ್ಣ ಊರು ಎಲ್ಲಿಂದ ತರಬೇಕು?

ಸಾಲವನ್ನೆತ್ತಬೇಕು. 1914ರ ಸ್ಥಳೀಯ ಸಂಸ್ಥೆಗಳ ಸಾಲದ ಕಾನೂನು ಅದಕ್ಕೆ ದಾರಿಯನ್ನೇನೋ ತೆರೆಯಿತು. ಸರಕಾರದ ಒಪ್ಪಿಗೆ ಪಡೆದು ತನ್ನ ನಿಧಿಯನ್ನೇ ಆಧಾರವಾಗಿಟ್ಟು ಸಾಲ ಮಾಡಬಹುದು. ತೀರಿಸದಿದ್ದರೆ ಸರಕಾರವು ಆ ನಿಧಿಯನ್ನು ಜಪ್ತಿ ಮಾಡಬಹುದು. ಮುಂಬಯಿ, ಕಲ್ಕತ್ತೆಗಳ ಸಾಲಪತ್ರಗಳನ್ನು ಪೇಟೆ ಕೊಳ್ಳುತ್ತದೆ. ಸಣ್ಣ ಪೇಟೆಯೂರಿನ ಸಾಲಪತ್ರವನ್ನು ಕೊಳ್ಳುವ ಧೈರ್ಯ ಯಾರಿಗುಂಟು? ಈ ಮೂರು ಊರುಗಳ ಮಗ್ಗುಲಲ್ಲಿಯೇ 1880ರ ದಶಕದಲ್ಲಿ ಹಾದುಹೋದ ಸದರ್ನ್ ಮರಾಠಾ ರೈಲ್ವೆಯ ಬಂಡವಾಳಕ್ಕೆ ಸರಕಾರವು ಬಡ್ಡಿಯ ಖಾತರಿ ಕೊಟ್ಟಿದ್ದಿತು. ಊರಿನ ದೀಪಕ್ಕೆ ಅಂಥ ಖಾತರಿ ದೊರೆಯಲಿಲ್ಲ.

ಲೈಸೆನ್ಸಿನ ಮೇಲೆ ನಿಜವಾದ ಹಿಡಿತ ಯಾರದೆಂಬುದು ನೆರೆಯ ಹುಬ್ಬಳ್ಳಿಯ ವ್ಯಾಜ್ಯದಲ್ಲಿ ಸ್ಪಷ್ಟವಾಯಿತು. ಹುಬ್ಬಳ್ಳಿ ಎಲೆಕ್ಟ್ರಿಸಿಟಿ ಕಂಪನಿಗೂ ಮುಂಬಯಿ ಪ್ರಾಂತಕ್ಕೂ ನಡೆದ ಈ ವಿವಾದವು ಪ್ರೀವಿ ಕೌನ್ಸಿಲಿನವರೆಗೆ ಏರಿತು. ಅದರ ತೀರ್ಪು 1949ರ ನ್ಯಾಯವರದಿಗಳಲ್ಲಿದೆ. ಕಾನೂನು ವಿಧಿಸಿದ ಕೆಲಸವನ್ನು ಕಂಪನಿಯು ಬೇಕೆಂತಲೇ ಬಹುಕಾಲ ಮಾಡದೆ ಬಿಟ್ಟಿದೆಯೆಂದು ಸರಕಾರಕ್ಕೆ ಅಭಿಪ್ರಾಯವಾದರೆ ಲೈಸೆನ್ಸನ್ನು ರದ್ದುಪಡಿಸಬಹುದೆಂದು 1910ರ ಕಾನೂನಿನ 4ನೆಯ ಪ್ರಕರಣ ಹೇಳುತ್ತಿದ್ದಿತು. ಆ ಅಭಿಪ್ರಾಯವನ್ನು ವಿವೇಕಿಯಾದ ಮೂರನೆಯವನೊಬ್ಬನ ಅಳತೆಗೋಲಿನಿಂದ ಅಳೆಯಬೇಕೆಂಬ ವಾದವನ್ನು ನ್ಯಾಯಮೂರ್ತಿಗಳು ಒಪ್ಪಲಿಲ್ಲ. ಅದು ಸರಕಾರದ ಅಭಿಪ್ರಾಯವೇ ಸರಿ. ಆದರೆ ಆ ಕೆಲಸವನ್ನು ಕಾನೂನು ವಿಧಿಸಿದೆಯೇ ಇಲ್ಲವೇ ಎಂಬುದು ಸರಕಾರದ ಅಭಿಪ್ರಾಯಕ್ಕೆ ಸೇರಿದ್ದಲ್ಲವೆಂದು ಗೆರೆ ಎಳೆದರು. ಭಾರತದ ನ್ಯಾಯಾಲಯಗಳು ಅನಂತರ ಎಷ್ಟೋ ಬಾರಿ ಚರ್ಚಿಸಿದ ತೀರ್ಪು ಇದು. ನಮಗೆ ಮಾತ್ರ ಅದರ ಶೀರ್ಷಿಕೆಯೇ ಹೆಚ್ಚಿನ ಪಾಠವೆಂದು ತೋರುತ್ತದೆ: ಒಂದು ಕಡೆ ಕಂಪನಿ, ಇನ್ನೊಂದು ಕಡೆ ಪ್ರಾಂತ, ದೀಪ ಉರಿಯಬೇಕಾದ ಊರಿನ ಹೆಸರು ಕಂಪನಿಯ ಹೆಸರಿನೊಳಗೆ ಮಾತ್ರ ಉಳಿದಿದೆ.

ಮುಂದಿನ ಕಥೆ ಬೇಗ ಮುಗಿಯುತ್ತದೆ. 1957ರಲ್ಲಿ ಮೈಸೂರು ರಾಜ್ಯದ ವಿದ್ಯುಚ್ಛಕ್ತಿ ಮಂಡಲಿಯೂ 2002ರಲ್ಲಿ ಹುಬ್ಬಳ್ಳಿಯ ಹೆಸ್ಕಾಮೂ ಬಂದವು. ಬೆಳಗಾವಿ ಜಿಲ್ಲೆಯ ಹುಕ್ಕೇರಿಯಲ್ಲಿ 1969ರಲ್ಲಿ ಹುಟ್ಟಿದ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘವೊಂದು ಅಪವಾದವಾಗಿ ನಿಂತಿತು. 2003ರ ಕಾನೂನು 1910ರದನ್ನು ತೆಗೆದುಹಾಕಿತಾದರೂ ಬೀದಿ ಅಗೆಯುವ ಪ್ರಕರಣವನ್ನು ಉಳಿಸಿಕೊಂಡಿತು. ‘ಫ್ರಾಂಚೈಸಿ’ ಎಂಬ ಶಬ್ದವೂ ಅದರಲ್ಲಿ ಬಂದಿದೆ. ಆದರೆ ಅವನನ್ನು ನೇಮಿಸತಕ್ಕದ್ದು ವಿತರಣಾ ಕಂಪನಿ, ಪುರಸಭೆಯಲ್ಲ.

ಸಾಲಪತ್ರದ ಕನಸು 1997ರಲ್ಲಿ ಬೆಂಗಳೂರಿನಲ್ಲಿ ಫಲಿಸಿತು. ಮಹಾನಗರಪಾಲಿಕೆಯು ರಾಜ್ಯ ಸರಕಾರದ ಖಾತರಿಯ ಮೇಲೆ 125 ಕೋಟಿ ರೂಪಾಯಿ ಎತ್ತಿತು. ಮರುವರ್ಷ ಅಹಮದಾಬಾದು ಖಾತರಿಯಿಲ್ಲದೆಯೇ 100 ಕೋಟಿ ಎತ್ತಿತು. 2005ರಲ್ಲಿ ಬೆಂಗಳೂರಿನ ಸುತ್ತಣ ಎಂಟು ಊರುಗಳು ಕೂಡಿ ಒಂದೇ ನಿಧಿಯ ಮೂಲಕ 100 ಕೋಟಿಯ ಸಾಲಪತ್ರಗಳನ್ನು ಹೊರಡಿಸಿದುದು ಇವೆರಡಕ್ಕಿಂತಲೂ ಗಮನಾರ್ಹವೆಂದು ನಮ್ಮ ಅಭಿಪ್ರಾಯ. ಒಬ್ಬೊಬ್ಬರಾಗಿ ಪೇಟೆಗೆ ಹೋಗಲಾರದವರು ಜೊತೆಗೂಡಿ ಹೋದರು. ಹೊಳೆಯ ಆಚೆಯ ಊರುಗಳಿಗೆ ಹಣ ಬೇರೆ ದಾರಿಯಿಂದ ಬಂದಿತು. ರಾಣೆಬೆನ್ನೂರು, ಬ್ಯಾಡಗಿಗಳನ್ನು ಹರಿಹರ, ದಾವಣಗೆರೆಗಳೊಡನೆ ಸೇರಿಸಿ, ಮೇಲಣ ತುಂಗಭದ್ರೆಯ ಕೊಳ್ಳದ ನೀರಿನ ಯೋಜನೆಗೆ ಏಷ್ಯಾ ಅಭಿವೃದ್ಧಿ ಬ್ಯಾಂಕು 2014ರಲ್ಲಿ ಸಾಲವನ್ನು ಮಂಜೂರು ಮಾಡಿತು. ಹಿಂದೆ ಎರಡು ಆಡಳಿತಗಳಾಗಿ ಸೀಳಿಹೋಗಿದ್ದ ದಡಗಳು ನೀರಿನ ಕೊಳವೆಯಲ್ಲಿ ಒಂದಾದವು.

ಅನುಮತಿಯ ವಿಷಯದಲ್ಲಿ ಊರಿನ ಕೈ ಇನ್ನಷ್ಟು ಬಿಗಿಯಾಯಿತು. 2016ರ ಕೇಂದ್ರ ನಿಯಮಗಳ ಪ್ರಕಾರ, ನೆಲದೊಳಗಿನ ಟೆಲಿಫೋನು ತಂತಿಗೆ ಸ್ಥಳೀಯ ಸಂಸ್ಥೆಯು ಆಡಳಿತದ ಖರ್ಚೆಂದು ಕಿಲೋಮೀಟರಿಗೆ 1,000 ರೂಪಾಯಿಗಿಂತ ಹೆಚ್ಚು ಕೇಳುವಂತಿರಲಿಲ್ಲ. 60 ದಿನಗಳೊಳಗೆ ಉತ್ತರ ಹೇಳದಿದ್ದರೆ ಅನುಮತಿ ಕೊಟ್ಟಂತೆಯೇ ಎಣಿಕೆ. ನೆಲವನ್ನು ಸರಿಪಡಿಸುವುದಕ್ಕೆ ಮಾತ್ರ ಬ್ಯಾಂಕಿನ ಜಾಮೀನನ್ನು ಕೇಳಬಹುದಾಗಿದ್ದಿತು. 1910ರ ಜಾಮೀನು ಹೊಸ ಉಡುಪಿನಲ್ಲಿ ಮರಳಿತೆನ್ನಬಹುದು. 1885ರ ಕಾನೂನಿನ ಸ್ಥಾನಕ್ಕೆ 2023ರದು ಬಂದು, 2025ರ ಜನವರಿ 1ರಿಂದ ಅದರಡಿಯ ದಾರಿಹಕ್ಕಿನ ನಿಯಮಗಳು ನಡೆಯತೊಡಗಿವೆ. ಸಣ್ಣ ಪುರಸಭೆಯೊಂದರಲ್ಲಿ ಎಂಜಿನಿಯರು ಒಬ್ಬಿಬ್ಬರು. ನಕ್ಷೆಯನ್ನು ನೋಡುವವರೂ ಅವರೇ, ಮುಚ್ಚಿದ ಹಳ್ಳವನ್ನು ಪರೀಕ್ಷಿಸುವವರೂ ಅವರೇ. ದಿನಗಳನ್ನು ಎಣಿಸುವ ನಿಯಮ ಈ ಕೈಗಳನ್ನು ಎಣಿಸಲಿಲ್ಲ.

ಬ್ಯಾಡಗಿಯ ಮೆಣಸಿನಕಾಯಿಗೆ ಇಂದು ಶೀತಲಗೃಹಗಳೇ ಆಶ್ರಯ. ಅವುಗಳಿಗೆ ಎಡೆಬಿಡದ ವಿದ್ಯುತ್ತು ಬೇಕು, ಲಾರಿಗಳಿಗೆ ಅಗಲವಾದ ದಾರಿ ಬೇಕು. ಅದೇ ಊರಿನ ಮುಖ್ಯರಸ್ತೆಯನ್ನು ಅಗಲಮಾಡುವ ವಿವಾದ ವರ್ಷಗಟ್ಟಲೆ ಎಳೆದುಬಂದಿತು. ಆ ಬೀದಿಯ ಮೇಲುಗಡೆ ಹೆಸ್ಕಾಮಿನ ತಂತಿ, ಕೆಳಗಡೆ ನೀರಿನ ಕೊಳವೆ, ನಡುವೆ ದೂರವಾಣಿಯವರ ಎಳೆಗಳು. ಒಂದೊಂದಕ್ಕೂ ಅಪ್ಪಣೆ ಬೇರೆ ಬೇರೆ ಊರಿನಿಂದ ಬಂದುದು. ಮಳೆಗೆ ನೆಲ ಕುಸಿದಾಗ ಮನೆಯವರು ಅರ್ಜಿ ಹಿಡಿದು ನಿಲ್ಲುವುದು ಪುರಸಭೆಯ ಬಾಗಿಲಲ್ಲಿಯೇ.